ಮಣಲಿಯ ಹಸಿರು ಚುಕ್ಕೆ

ಅಕ್ಕನ ಬಾಲ್ಕನಿಯಲ್ಲಿ ಆ ಡಬ್ಬಿಯನ್ನು ಕೂರಿಸಿಕೊಟ್ಟವಳು ನಾನೇ. ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಪುಟ್ಟ ಫ್ಯಾನು, ಗಾಳಿಯಲ್ಲಿರುವ ಸಣ್ಣ ಧೂಳನ್ನು ಅಳೆಯುವ ಒಂದು ಸೆನ್ಸರು. ಅಳೆದದ್ದನ್ನು ಅದು ಇಂಟರ್‌ನೆಟ್ಟಿನ ಒಂದು ನಕ್ಷೆಗೆ ಕಳಿಸುತ್ತದೆ. ನಕ್ಷೆಯಲ್ಲಿ ಆ ಮನೆಯ ಜಾಗದಲ್ಲಿ ಚುಕ್ಕೆಯೊಂದು ಮೂಡುತ್ತದೆ. ಗಾಳಿ ಚೆನ್ನಾಗಿದ್ದರೆ ಹಸಿರು, ಕೆಡುತ್ತ ಹೋದಂತೆ ಹಳದಿ, ಕೆಂಪು, ಕೊನೆಗೆ ನೇರಳೆ. ಡಬ್ಬಿಯ ತಂತ್ರಾಂಶ ಯಾವ ಕಂಪನಿಯದೂ ಅಲ್ಲ. ಬಿಡುವಿನ ವೇಳೆಯಲ್ಲಿ ಸ್ವಯಂಸೇವಕರು ಸೇರಿ ಬರೆದದ್ದು. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ಹೇಳಬಹುದು ಎಂದು ಅವರ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ. ಹೇಳಿದವರನ್ನು ಹೇಗೆ ನಡೆಸಿಕೊಳ್ಳುತ್ತಾರೆಂದು ಬರೆದಿಲ್ಲ.

ಭಾವ ಚೆನ್ನೈಯ ಅಂಚಿನಲ್ಲಿ, ಕಾರ್ಖಾನೆಗಳೇ ತುಂಬಿದ ಮಣಲಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮೈಸೂರಿನಿಂದ ಬಂದು ಕೆಲಸಕ್ಕೆ ಹತ್ತಿರವೆಂದು ಅಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ಮಾಡಿದ್ದರು. ಅವರ ಪುಟ್ಟ ಮಗಳಿಗೆ ಉಬ್ಬಸ. ಮಧ್ಯಾಹ್ನವೆಲ್ಲ ಮನೆ ತುಂಬ ಓಡಾಡಿಕೊಂಡಿದ್ದ ಮಗು ಸಂಜೆ ಕೆಳಗೆ ಆಡಲು ಹೋಗಿ ಬಂದರೆ ಎದೆ ಸುಯ್‌ಗುಟ್ಟುತ್ತಿತ್ತು. ಶಾಲೆಗೆ ಸೇರಿಸುವ ಮೊದಲೇ ಮಣಲಿ ಬಿಟ್ಟು ಊರೊಳಗೆ ಹೋಗಬೇಕೆಂಬುದು ಅಕ್ಕನ ಹಟ. ಒಮ್ಮೆ ಅಲ್ಲಿನ ಶಾಲೆಗೆ ಸೇರಿಸಿದರೆ ಆಮೇಲೆ ಭಾವ ಕದಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಭಾವ ಕೂಗಾಡುವವರಲ್ಲ. "ಸುಮ್‌ಸುಮ್ನೆ ಗಾಳಿ ಸರಿಯಿಲ್ಲ ಅಂದ್ರೆ ಹೇಗೆ? ನಾನೂ ಅದೇ ಗಾಳಿ ಕುಡೀತಿಲ್ವಾ? ಅಳತೆ ತೋರಿಸು, ನಾಳೆನೇ ಮನೆ ಹುಡುಕ್ತೀನಿ" ಎಂದಿದ್ದರು. ಆ ಮಾತನ್ನು ಹಿಡಿದುಕೊಂಡೇ ಅಕ್ಕ ನನಗೆ ಫೋನ್ ಮಾಡಿದ್ದಳು.

ಡಬ್ಬಿ ಬಂತು. ಚುಕ್ಕೆ ಹಸಿರಾಗಿ ಮೂಡಿತು. ಹೆಚ್ಚೆಂದರೆ ಹಳದಿಗೆ ತಿರುಗಿ ಮತ್ತೆ ಹಸಿರಾಗುತ್ತಿತ್ತು.

ಅಕ್ಕನ ಅತ್ತೆ ಫೋನಿನಲ್ಲಿ ಆ ಚುಕ್ಕೆ ನೋಡುವುದನ್ನು ಎಲ್ಲರಿಗಿಂತ ಮೊದಲು ಕಲಿತರು. ನಾನು ಹೋದಾಗಲೆಲ್ಲ ತೋರಿಸುತ್ತಿದ್ದರು. "ಏನಮ್ಮಾ, ನಿನ್ನ ಡಬ್ಬೀನೇ ಹೇಳ್ತಾ ಇದೆಯಲ್ಲ ಗಾಳಿ ಚೆನ್ನಾಗಿದೆ ಅಂತ. ನಿಮ್ಮಕ್ಕಂಗೆ ಮಾಲು ಗೀಲು ಹತ್ರ ಇರ್ಬೇಕು. ಅದಕ್ಕೆ ಮಗೂ ಎದೆ ಅಡ್ಡ ಇಟ್ಕೊಂಡಿದಾಳೆ."

ಅಕ್ಕ ಅಡುಗೆಮನೆಯಲ್ಲಿ ನನ್ನ ಕಡೆ ತಿರುಗದೆ ಕೇಳಿದಳು: "ನೀನು ಉಪಕಾರ ಮಾಡೋಕೆ ಬಂದ್ಯೋ, ನನ್ನ ಸುಳ್ಳಿ ಮಾಡೋಕೆ ಬಂದ್ಯೋ?"

ಒಂದು ಭಾನುವಾರ ಸಂಜೆ ನಾನು ಅಲ್ಲೇ ಇದ್ದೆ. ಕಿಟಕಿ ಮುಚ್ಚಿದ್ದರೂ ಗಂಟಲು ಕೆರೆಯುವಂಥ ವಾಸನೆ ಒಳಗೆ ಬಂತು. ಕೆಳಗೆ ಹೆಂಗಸರು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಮಕ್ಕಳನ್ನು ಎಳೆದುಕೊಂಡು ಹೋಗುತ್ತಿದ್ದರು. ಎದುರಿನ ಕಟ್ಟಡ ಮಬ್ಬಾಗಿತ್ತು. ಫೋನ್ ತೆಗೆದು ನೋಡಿದೆ. ಚುಕ್ಕೆ ಹಸಿರು. ಚುಕ್ಕೆಯನ್ನು ಒತ್ತಿದರೆ ಹಿಂದಿನ ಅಂಕಿಗಳ ಗೆರೆ ಕಾಣುತ್ತದೆ. ಆ ಗೆರೆ ಸಂಜೆಯ ಹೊತ್ತಿಗೆ ಅಡಿಕೋಲು ಇಟ್ಟು ಎಳೆದಂತೆ ನೇರವಾಗಿತ್ತು. ಗಾಳಿಯ ಗೆರೆ ಹಾಗಿರುವುದಿಲ್ಲ. ಬೀದಿಯಲ್ಲಿ ಒಂದು ಬಸ್ಸು ಹೋದರೂ ಅದು ನಡುಗುತ್ತದೆ.

ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ನಕ್ಷೆಯನ್ನು ಬಿಟ್ಟು, ಸೆನ್ಸರ್ ಏನು ಹೇಳುತ್ತಿದೆಯೆಂದು ನೇರವಾಗಿ ನೋಡಿದೆ. ಅದು ನೇರಳೆಯನ್ನೂ ಮೀರಿದ ಅಂಕಿ ಹೇಳುತ್ತಿತ್ತು. ಅಂದರೆ ಅಳತೆ ಸರಿಯಾಗಿತ್ತು, ಅಳತೆಯನ್ನು ಯಾರೋ ನಡುವೆ ನುಂಗುತ್ತಿದ್ದರು. ಡಬ್ಬಿಯ ಕೋಡಿನಲ್ಲಿ ಹುಡುಕಿದಾಗ ಸಿಕ್ಕಿತು. ಅಂಕಿ ಒಂದು ಮಿತಿ ದಾಟಿದರೆ, ಯಾರೋ ಡಬ್ಬಿಯ ಹತ್ತಿರ ಹೊಗೆ ಹಿಡಿದಿದ್ದಾರೆಂದು ತಿಳಿದು ಆ ಅಂಕಿಯನ್ನು ಬಿಸಾಡಿ, ಅದಕ್ಕೆ ಮೊದಲಿನ ಒಳ್ಳೆಯ ಅಂಕಿಯನ್ನೇ ಮತ್ತೆ ಮತ್ತೆ ಕಳಿಸಬೇಕು ಎಂಬ ನಿಯಮ. ಗಾಳಿ ನಿಧಾನವಾಗಿ ಕೆಟ್ಟರೆ ಚುಕ್ಕೆ ಕೆಂಪಾಗುತ್ತದೆ. ಒಮ್ಮೆಲೇ ತೀರ ಕೆಟ್ಟರೆ ಹಸಿರಾಗಿಯೇ ಉಳಿಯುತ್ತದೆ. ಮಣಲಿಯಲ್ಲಿ ಅದು ಒಮ್ಮೆಲೇ ಕೆಡುತ್ತದೆ.

ತಂತ್ರಾಂಶದ ತಪ್ಪನ್ನು ತೋರಿಸುವ ಬಗ್ ವರದಿ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಊರ ನಡುವಿನ ನುಂಗಂಬಾಕ್ಕಂನ ಆಫೀಸಿನಲ್ಲಿ ದಿನವಿಡೀ ನಾನು ಮಾಡುವುದೇ ಅದು. ಏನಾಗಬೇಕಿತ್ತು, ಏನಾಯಿತು, ಮತ್ತೆ ಅದೇ ಆಗುವಂತೆ ಮಾಡುವುದು ಹೇಗೆ, ಇಷ್ಟನ್ನೇ ಅವರ ಪುಟದಲ್ಲಿ ಬರೆದೆ. ಎರಡು ಅಂಕಿಗಳನ್ನೂ ಪಕ್ಕಪಕ್ಕದಲ್ಲಿಟ್ಟೆ, ಕೋಡಿನ ಸಾಲನ್ನು ತೋರಿಸಿದೆ. ಅಕ್ಕನ ವಿಷಯ ಬರೆಯಲಿಲ್ಲ. ಮಗುವಿನ ಎದೆ ಜಗತ್ತಿಗೆಲ್ಲ ಕಾಣುವ ಪುಟದಲ್ಲಿ ಇಡುವ ವಸ್ತುವಲ್ಲ. ಇಟ್ಟರೆ ಮಾತ್ರ ನಂಬುತ್ತೇವೆ ಎನ್ನುವವರ ನಂಬಿಕೆಯೂ ನನಗೆ ಬೇಡ.

ಮರುದಿನವೇ ಉತ್ತರ ಬಂತು: ಡಬ್ಬಿಯನ್ನು ಒಲೆಯ ಹತ್ತಿರ ಇಟ್ಟಿದ್ದೀರಿ, ಸ್ಥಳ ಬದಲಿಸಿ. ಇಂಥ ವರದಿಗೆ ಅವರ ಭಾಷೆಯಲ್ಲಿ ಇಶ್ಯೂ ಎಂದು ಹೆಸರು. ಕೆಳಗೆ ಇಶ್ಯೂ ಮುಚ್ಚಲಾಗಿದೆ ಎಂಬ ಕೆಂಪು ಗುರುತು. ಬಾಲ್ಕನಿಯ ಫೋಟೋ ಹಾಕಿ ಮತ್ತೆ ತೆರೆದೆ. ಆಗ ಯಾವ್ಯಾವುದೋ ದೇಶದವರು ಬಂದರು. ಫ್ಯಾನ್ ಒರೆಸಿದಿರಾ ಎಂದು ಒಬ್ಬ. ನಮ್ಮಲ್ಲಿ ಸರಿಯಾಗಿಯೇ ಇದೆ ಎಂದು ಇನ್ನೊಬ್ಬ. ಅವನ ಚುಕ್ಕೆಯನ್ನು ನಕ್ಷೆಯಲ್ಲಿ ಹುಡುಕಿ ನೋಡಿದೆ, ಸುತ್ತ ಬರೀ ಕಾಡು. ನೀವು ಹೇಳುವ ಅಂಕಿ ಮನುಷ್ಯರು ಇರುವ ಕಡೆ ಬರಲು ಸಾಧ್ಯವೇ ಇಲ್ಲ ಎಂದು ಮೂರನೆಯವ. ಅಲ್ಲಿ ಮನುಷ್ಯರಿದ್ದಾರೆ ಎಂದು ಬರೆದೆ. ಅಷ್ಟಕ್ಕೆ ಚರ್ಚೆ ಬಿಸಿಯಾಗಿದೆಯೆಂದು ಕಾರಣ ಕೊಟ್ಟು ಪುಟಕ್ಕೆ ಬೀಗ ಹಾಕಿದರು. ಇನ್ನು ಯಾರೂ ಏನೂ ಬರೆಯುವಂತಿರಲಿಲ್ಲ.

ಮೊದಲು ಮುಚ್ಚಿದವನೂ ಬೀಗ ಹಾಕಿದವನೂ ಒಬ್ಬನೇ. ಆ ತಂತ್ರಾಂಶದ ಭಾರತದ ಭಾಗವನ್ನು ನೋಡಿಕೊಳ್ಳುವವನು, ಇದೇ ಚೆನ್ನೈಯವನು. ಅವರ ಗುಂಪು ನುಂಗಂಬಾಕ್ಕಂನ ಒಂದು ಕಚೇರಿಯ ಮೀಟಿಂಗ್ ರೂಮಿನಲ್ಲಿ ಆಗಾಗ ಶನಿವಾರ ಸೇರುತ್ತಿತ್ತು. ನಾನು ಹೋದೆ. ಅಪರಿಚಿತರು ತುಂಬಿದ ಕೋಣೆಗೆ ಕರೆಯದೆ ಹೋಗುವುದು ನನ್ನ ಸ್ವಭಾವವಲ್ಲ.

ಒಳಗೆ ಹೋಗುವ ಮುಂಚೆ ಅಕ್ಕನ ಫೋನ್ ಬಂತು. ನಾನು ಮಾತಾಡಿದ್ದನ್ನು ಅವನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡ.

"ಕನ್ನಡದವ್ರಾ? ನಮ್ದೂ ಉಡುಪಿ ಸೈಡ್. ಅಜ್ಜ ಬಂದು ಇಲ್ಲಿ ಹೋಟ್ಲು ಹಾಕಿದ್ದು. ನಂಗೆ ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಫ್ಲೋ ಬರೂದಿಲ್ಲ" ಎಂದು ನಕ್ಕ. ನಾನು ಯಾವ ಇಶ್ಯೂ ಬರೆದವಳೆಂದು ಹೇಳಿದೆ. ನಗು ನಿಂತಿತು. "ಓ, ಆ ಮಣಲಿ ಕೇಸ್ ನೀವಾ. ಅದು ಬಗ್ ಇಲ್ಲೆ ಮಾ. ಫೀಚರ್. ನಾನೇ ಬರ್ದದ್ದು."

ಅವನ ಕಥೆ ಹೀಗಿತ್ತು. ಪ್ರತಿ ಶುಕ್ರವಾರ ಸಂಜೆ ಅವರ ಹೋಟೆಲಿನಲ್ಲಿ ಸಾಂಬ್ರಾಣಿ ಹಾಕುತ್ತಾರೆ. ಕ್ಯಾಶ್ ಕೌಂಟರಿನಿಂದ ಅಡುಗೆಮನೆಯವರೆಗೆ ಹೊಗೆ ತೋರಿಸಿಕೊಂಡು ಹೋಗುತ್ತಾರೆ. ಹೋಟೆಲಿನ ಡಬ್ಬಿ ಆಗ ನೇರಳೆಯಾಗುತ್ತಿತ್ತು. ಊರಿನ ಮನೆಮನೆಯಲ್ಲೂ ಅದೇ ಹೊತ್ತಿಗೆ ಅದೇ ಹೊಗೆ. ಶುಕ್ರವಾರ ಮುಸ್ಸಂಜೆ ಚೆನ್ನೈಯ ನಕ್ಷೆ ಇಡೀ ನೇರಳೆಯಾಗುವುದನ್ನು ನೋಡಿ ವಿದೇಶದವರು ಅಲ್ಲೇನು ಬೆಂಕಿ ಬಿದ್ದಿದೆಯೇ ಎಂದು ಕೇಳಿದ್ದರಂತೆ. ಅವನಿಗೆ ಅವಮಾನವಾಯಿತು. ಹೊಗೆಯನ್ನು ಹೊಗೆಯೆಂದು ಗುರುತಿಸಿ ಬಿಟ್ಟುಬಿಡುವ ನಿಯಮ ಬರೆದ. ಎಲ್ಲರೂ ಮೆಚ್ಚಿದರು. ಆ ತಂತ್ರಾಂಶಕ್ಕೆ ಅವನು ಕೊಟ್ಟ ಮೊದಲ ಕೋಡು ಅದು.

"ಸಾಂಬ್ರಾಣಿ ಹೊಗೆ ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಇದು ಇಡೀ ಸಂಜೆ ಇರುತ್ತೆ. ನಿಮ್ಮ ಕೋಡು ಎರಡನ್ನೂ ಒಂದೇ ಅಂದ್ಕೊಂಡಿದೆ" ಎಂದೆ.

"ನಿಮ್ಮ ಏರಿಯಾದಲ್ಲಿ ಬೇರೆ ಡಬ್ಬಿ ಇದ್ಯಾ? ಕಂಪೇರ್ ಪಣ್ಣಣುಂ ಇಲ್ಲೆಯಾ, ಹೋಲಿಸಿ ನೋಡ್ಬೇಕಲ್ಲ?"

"ಇಲ್ಲ. ನಮ್ಮದೊಂದೇ."

"ಒಂದೇ ಡಬ್ಬಿ ಅಂದ್ರೆ ಅದು ಡೇಟಾ ಅಲ್ಲ ಮಾ, ಅಭಿಪ್ರಾಯ." ಮೇಜಿನ ಸುತ್ತ ಇದ್ದವರು ನಕ್ಕರು. ಅಷ್ಟು ಹೊತ್ತು ಕನ್ನಡದಲ್ಲಿ ತಡವರಿಸುತ್ತಿದ್ದವನಿಗೆ ಆ ಒಂದು ವಾಕ್ಯ ಎಲ್ಲೂ ತೊಡರಲಿಲ್ಲ.

"ಹಾಗಾದ್ರೆ ಹಸಿರು ತೋರಿಸ್ಬೇಡಿ. ಅನುಮಾನ ಇದ್ರೆ ಖಾಲಿ ಬಿಡಿ."

"ಖಾಲಿ ಬಿಟ್ರೆ ಡಬ್ಬಿ ಕೆಟ್ಟಿದೆ ಅಂತ ಎಲ್ರೂ ನಂಗೇ ಮೇಲ್ ಹಾಕ್ತಾರೆ. ನೀವು ಉತ್ರ ಬರೀತೀರಾ?"

"ಬರೀತೀನಿ. ನೀವು ಒಂದು ಸಂಜೆ ಮಣಲಿಗೆ ಬಂದು ನಿಂತು ನೋಡಿ."

"ನಾನಾ?" ಎಂದು ಪಕ್ಕದವನ ಮುಖ ನೋಡಿದ. "ಶುಕ್ರವಾರ ಬೇಡ ಮಾ, ನಮ್ಮನೇಲಿ ಸಾಂಬ್ರಾಣಿ ಹಾಕ್ಬೇಕು." ಮತ್ತೆ ನಗು. ಕಾಫಿ ತಂದುಕೊಟ್ಟರು. ಕುಡಿಯದೆ ಬಂದೆ.

ಆ ವಾರ ನಾನೇ ಆ ನಿಯಮವನ್ನು ತೆಗೆದು, ತಿದ್ದಿದ ಕೋಡನ್ನು ಅಕ್ಕನ ಡಬ್ಬಿಗೆ ಹಾಕಿದೆ. ಯಾರ ಅನುಮತಿಯೂ ಬೇಕಿಲ್ಲ, ಮುಕ್ತ ತಂತ್ರಾಂಶ ಎಂದರೆ ಅದೇ. ಸಂಜೆ ಸೆನ್ಸರ್ ಹೇಳಿದ ಅಂಕಿಯೇ ಹೋಯಿತು. ಆದರೆ ನಕ್ಷೆಯಲ್ಲಿ ಚುಕ್ಕೆ ನೇರಳೆಯಾಗಲಿಲ್ಲ, ಬೂದುಬಣ್ಣಕ್ಕೆ ತಿರುಗಿತು. ಒತ್ತಿ ನೋಡಿದರೆ ಈ ಡಬ್ಬಿಯ ತಂತ್ರಾಂಶವನ್ನು ಬಳಕೆದಾರರು ಮಾರ್ಪಡಿಸಿದ್ದಾರೆ, ಅಳತೆ ನಂಬಲರ್ಹವಲ್ಲ ಎಂಬ ಸಾಲು ಕಾಣಿಸಿತು. ತಿದ್ದಲು ಬಿಡುತ್ತಾರೆ, ತಿದ್ದಿದವರನ್ನು ನಂಬುವುದಿಲ್ಲ.

ಭಾವನಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ಅಂಕಿಗಳನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎಲ್ಲವನ್ನೂ ನೋಡಿದರು. "ಇದನ್ನ ತಿದ್ದಿದ್ದು ಯಾರು?"

"ನಾನು."

"ಅಕ್ಕಂಗೋಸ್ಕರ ತಂಗಿ ತಿದ್ದಿದ ಅಳತೆ. ನಾಳೆ ನಾನೂ ತಿದ್ದಿ ಸೊನ್ನೆ ತೋರಿಸ್ಬಹುದು, ಅಲ್ವಾ?"

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಅದಕ್ಕಾಗಿಯೇ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಅತ್ತೆ ಒಳಗಿನಿಂದ, "ಬಣ್ಣ ಬೇಕಾದಂಗೆ ಬರ್ಲಿಲ್ಲ ಅಂತ ಬಣ್ಣಾನೇ ಬದಲಾಯಿಸಿದ್ರು" ಎಂದರು.

ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಯಾರ ಮುಖವನ್ನೂ ನೋಡದೆ ಮಗುವಿನ ಬಟ್ಟೆಗಳನ್ನು ಬೇರೆ ಮಾಡಿ ಬ್ಯಾಗಿಗೆ ಹಾಕತೊಡಗಿದಳು. "ಎಲ್ಲಿಗೆ?" ಎಂದು ಭಾವ ಕೇಳಿದರು. "ಇವಳ ರೂಮಿಗೆ" ಎಂದು ನನ್ನ ಕಡೆ ಗಲ್ಲ ಎತ್ತಿದಳು. ನನ್ನನ್ನು ಕೇಳಿರಲಿಲ್ಲ. ಆಟೋದಲ್ಲಿ ಧನ್ಯವಾದ ಹೇಳಬಹುದೇನೋ ಎಂದುಕೊಂಡಿದ್ದೆ. "ನೀನು ನಮ್ಮನೆಗೆ ಬಂದಾಗೆಲ್ಲ ಮೊದ್ಲು ಡಬ್ಬಿ ನೋಡ್ತಿದ್ದೆ. ಆಮೇಲೆ ಮಗೂನ" ಎಂದಳು.

ನುಂಗಂಬಾಕ್ಕಂನಲ್ಲಿ ನನ್ನದು ಒಂದೇ ಕೋಣೆ. ಯಾರೂ ಮುಟ್ಟದ ಮೇಜು, ಯಾರೂ ಕೂರದ ಕುರ್ಚಿ ಇಟ್ಟುಕೊಂಡು ಬದುಕಿದ್ದವಳು ನಾನು. ಅಲ್ಲಿ ಮಗುವಿನ ಔಷಧಿ, ಅಕ್ಕನ ಮೌನ ಎರಡೂ ಹರಡಿಕೊಂಡವು. ಅಕ್ಕ ಹತ್ತಿರದ ಶಾಲೆಗಳಿಗೆ ತಾನೇ ಅಲೆದು ಒಂದರಲ್ಲಿ ಮಗುವನ್ನು ಸೇರಿಸಿದಳು. ಭಾವ ಭಾನುವಾರಗಳಂದು ಬಂದು ಕುರ್ಚಿಯ ತುದಿಯಲ್ಲಿ ಕೂತು ಹೋಗುತ್ತಿದ್ದರು. ಗಾಳಿಯ ಮಾತೆತ್ತಲಿಲ್ಲ. ಮಗುವಿನ ಸುಯ್‌ಗುಟ್ಟುವಿಕೆ ಕಡಿಮೆಯಾದಾಗ "ಬೆಳೀತಾ ಬೆಳೀತಾ ಹೋಗುತ್ತೆ ಅದು" ಎಂದರು. ಕೊನೆಗೆ ಕೋಡಂಬಾಕ್ಕಂ ಕಡೆ ಒಂದು ಮನೆ ಹಿಡಿದರು. ಶಾಲೆಗೆ ಹತ್ತಿರವಾಗಲಿ ಎಂದು ಎಂಬುದಾಗಿ ಎಲ್ಲರಿಗೂ ಹೇಳಿದರು.

ಹಾಲುಕ್ಕಿಸುವ ದಿನ ನನ್ನನ್ನೂ ಕರೆದಿದ್ದರು. "ಇಲ್ಲಿಗೆ ಆ ಡಬ್ಬಿ ಗಿಬ್ಬಿ ತರ್ಬೇಡಮ್ಮಾ" ಎಂದರು ಅತ್ತೆ. "ತರಲ್ಲ ಬಿಡಿ ಅತ್ತೆ, ಅವಳಿಗೂ ಸಾಕಾಗಿದೆ" ಎಂದು ಅಕ್ಕ ನಕ್ಕಳು. ಡಬ್ಬಿ ಎಲ್ಲಿ ಎಂದು ಭಾವನನ್ನು ಕೇಳಿದೆ.

"ಅಲ್ಲೇ ಬಿಟ್ಟು ಬಂದೆ. ಆ ಮನೆಗೆ ಬಂದವ್ರಿಗೆ ಒಂದು ಕೈಕೂಸು ಇದೆ. ಅವರಿಗಾದ್ರೂ ಉಪಯೋಗ ಆಗ್ಲಿ ಅಂತ. ನಿನ್ನ ಕೋಡು ತೆಗೆದು ಮೊದ್ಲಿದ್ದದ್ದನ್ನೇ ಹಾಕ್ದೆ. ಈಗ ಸರಿಯಾಗಿ ತೋರಿಸ್ತಿದೆ."

ನಕ್ಷೆ ತೆರೆದೆ. ಮಣಲಿಯಲ್ಲಿ ಒಂದೇ ಒಂದು ಚುಕ್ಕೆ, ಹಸಿರು.

ಅಲ್ಲೇ ಅಕ್ಕನ ಹೊಸ ಮನೆಯ ಮೆಟ್ಟಿಲ ಮೇಲೆ ಕೂತು, ಅದೇ ತಲೆಬರಹ ಕೊಟ್ಟು, ಹೊಸ ಇಶ್ಯೂ ಬರೆದೆ. ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಅವನ ಉತ್ತರ ಬಂತು: ಇದು ಹಳೆಯ ಇಶ್ಯೂವಿನ ನಕಲು, ಚರ್ಚೆ ಅಲ್ಲೇ ಮುಂದುವರಿಸಿ, ಮುಚ್ಚಲಾಗಿದೆ. ಅಲ್ಲಿ ಅವನೇ ಹಾಕಿದ ಬೀಗವಿತ್ತು. ಒಳಗಿನಿಂದ ಅಕ್ಕ ಊಟಕ್ಕೆ ಕರೆಯುತ್ತಿದ್ದಳು. ಬಂದೆ ಎಂದು ಹೇಳಿ, ಇಶ್ಯೂವನ್ನು ಮತ್ತೆ ತೆರೆದೆ.