ಸರಿ ಇದ್ದದ್ದು ಎಷ್ಟು ಗಂಟೆಯವರೆಗೆ

ಡಾಕ್ಟರರ ಕೋಟಿನ ಜೇಬಿನಿಂದ ಇಣುಕುತ್ತಿದ್ದ, ಮೊಣಕಾಲು ತಟ್ಟಿ ನೋಡುವ ಸಣ್ಣ ಸುತ್ತಿಗೆಗೆ ಬ್ಯಾಂಡೇಜು ಪಟ್ಟಿ ಸುತ್ತಿತ್ತು. ಸುತ್ತಿದ್ದು ಹಿಡಿಗೋ, ಸವೆದ ರಬ್ಬರಿಗೋ? ಆಣೆ ಮಾಡಿ ಹೇಳಲಾರೆ. ದರ್ಬೆಯ ಅವರ ಆಸ್ಪತ್ರೆಯಲ್ಲಿ ಮೂರು ವರ್ಷ ಕೇಸ್‌ಶೀಟ್ ಬರೆದವಳ ನೆನಪು ಇಷ್ಟೇ. ಅವರ ಪ್ರಶ್ನೆಯೊಂದು ಮಾತ್ರ ಮಾಸಿಲ್ಲ.

ಬಾಯಿ ಸೊಟ್ಟಗಾಗಿ, ಕೈ ಸೋತು ಬಂದ ರೋಗಿಯ ಮನೆಯವರನ್ನು ಅವರು ಮೊದಲು ಕೇಳುತ್ತಿದ್ದದ್ದು, "ಸರಿ ಇದ್ದದ್ದು ಎಷ್ಟು ಗಂಟೆಯವರೆಗೆ?" ಮಿದುಳಿನಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ತಡವಾಗಿ ಕೊಟ್ಟರೆ ಒಳಗೇ ರಕ್ತ ಸೋರುವ ಭಯ. ನಮ್ಮವರೋ ಗಂಟೆ ಹೇಳುವುದಿಲ್ಲ, ಬಸ್ಸು ಹೇಳುತ್ತಾರೆ.

"ವಿಟ್ಲದ ಬಸ್ಸಿಗೆ ಸರಿ ಇದ್ರು ಡಾಕ್ಟ್ರೆ" ಎಂದರು ಒಮ್ಮೆ ಕಬಕದವರೊಬ್ಬರು.

"ಹೋಗುವ ಬಸ್ಸೋ ಬರುವ ಬಸ್ಸೋ ಮಾರಾಯ್ರೆ? ಮನೆಗೆ ಮನೆಯೇ ಬಂದದ್ದುಂಟು, ಗಂಟೆ ಒಂದು ಯಾರೂ ತರ್ಲಿಲ್ಲ!" ಎನ್ನುತ್ತ ಅವರು ಮೇಜಿನ ಗಾಜಿನಡಿ ಇಟ್ಟಿದ್ದ ಬಸ್ಸಿನ ವೇಳಾಪಟ್ಟಿಗೆ ಬಗ್ಗಿದರು.

ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಕಡಬದಿಂದ ಬಂದ ಜೀಪಿನಲ್ಲಿ ನನ್ನ ಅಪ್ಪ ಇದ್ದರು. ಬಲಗೈ ಏಳುತ್ತಿರಲಿಲ್ಲ, ಮಾತಿರಲಿಲ್ಲ. ಕರೆತಂದ ಅತ್ತೆ, ಅಪ್ಪನ ಅಕ್ಕ, "ಹತ್ತೂವರೆ ಬಸ್ಸಿಗೆ ಸರಿಯೇ ಇದ್ದ" ಎಂದರು. ಬರೆದುಕೊಂಡೆ. ಡಾಕ್ಟರು ಅಪ್ಪನ ಕೆನ್ನೆಗಳನ್ನು ಸವರಿದರು. ಒಂದು ನುಣುಪು, ಇನ್ನೊಂದರಲ್ಲಿ ಕುರುಚಲು.

"ಇವರು ಶೇವ್ ಮಾಡುದು ಎಷ್ಟು ಗಂಟೆಗೆ?" ಕೇಳಿದ್ದು ಅತ್ತೆಯನ್ನಲ್ಲ, ನನ್ನನ್ನು.

ದಿನವೂ ಆರೂವರೆಗೆ. ಹೇಳಿದೆ. ಹೇಳಿದವಳೇ, ಐದೂವರೆ ಗಂಟೆ ಕಳೆದಿತ್ತೆಂದು ಹೊಳೆದು, "ಹತ್ತೂವರೆ ಅಂತಲೇ ಇರಲಿ ಡಾಕ್ಟ್ರೆ" ಎಂದು ಬೇಡಿದೆ.

"ಎಂತ ಹೇಳ್ತಿ ನೀನು? ಇಂಜೆಕ್ಷನ್ ಕೊಟ್ಟು ಕೊಲ್ಲುದಾ?" ಶೀಟಿನ ಗಂಟೆಯನ್ನು ಅವರೇ ಹೊಡೆದುಹಾಕಿ, ಸ್ಟ್ರೆಚರನ್ನು ಸ್ಕ್ಯಾನಿಗೆ ತಾವೇ ತಳ್ಳಿಕೊಂಡು ಹೋದರು.

ಇಂಜೆಕ್ಷನ್ ಕೊಡಲಿಲ್ಲ. ಅಪ್ಪ ಉಳಿದರು, ಮಾತು ಉಳಿಯಲಿಲ್ಲ. ಸುಸ್ತೆಂದು ಮಲಗಿಸಿ ಅತ್ತೆ ಎಣ್ಣೆ ತಿಕ್ಕಿರಬೇಕು, ಆಮೇಲೆ ಬೈಗುಳಕ್ಕೆ ಹೆದರಿ ಹತ್ತೂವರೆ ಎಂದಿರಬೇಕು. ಇದು ನನ್ನ ಊಹೆ. ಆದರೆ ನಾನು ತಿಂಗಳುಗಟ್ಟಲೆ ಮಾತು ಬಿಟ್ಟದ್ದು ಅತ್ತೆಯೊಂದಿಗಲ್ಲ, ಡಾಕ್ಟರರೊಂದಿಗೆ. ಕ್ಷಮೆ ಕೇಳುವ ಮೊದಲೇ ಅವರು ತೀರಿಕೊಂಡರು. ಸತ್ತವರ ಮೇಲೆ ಸಿಟ್ಟು ನಿಲ್ಲಲಿಲ್ಲ, ಹೋಗಲೂ ಇಲ್ಲ.

ಈಗ ಅಪ್ಪನಿಗೆ ಶೇವ್ ಮಾಡುವವರು ಅತ್ತೆಯೇ, ಅದೇ ಆರೂವರೆಗೆ. ಮೊನ್ನೆ ಅವರು ನೊರೆ ಹಚ್ಚುತ್ತಿದ್ದಾಗ ಕೇಳಿಯೇಬಿಟ್ಟೆ. ಅತ್ತೆ ಬ್ಲೇಡು ತೊಳೆಯಲೆಂದು ಎದ್ದು ಹೋದರು. ನಾನು ಕೇಳಿದ್ದು ಇಷ್ಟೇ: "ಅತ್ತೆ, ಆ ದಿನ ಅಪ್ಪನ ಮುಖದ ನೊರೆ ನೀವು ಒರೆಸಿದ್ದು ಎಷ್ಟು ಗಂಟೆಗೆ?"