ತಕರಾರಿಲ್ಲವೆಂದು ಬರೆದುಕೊಟ್ಟು ಟ್ರಾಲಿಯಲ್ಲಿ ಹುಬ್ಬಳ್ಳಿಗೆ

ದಾರಿಯಲ್ಲಿ ನಾನು ಸತ್ತರೆ ರೇಲ್ವೆ ಕಂಪನಿಯ ಮೇಲೆ ನನ್ನದಾಗಲಿ, ನನ್ನ ಹೆಂಡತಿ ಮಕ್ಕಳದಾಗಲಿ ಯಾವ ತಕರಾರೂ ಇರುವುದಿಲ್ಲವೆಂದು ಬರೆದುಕೊಟ್ಟು, ಇಬ್ಬರು ಸಾಕ್ಷಿದಾರರ ಎದುರು ಸಹಿ ಮಾಡಿ, ಬೆಳಿಗ್ಗೆ ಏಳೂಕಾಲಕ್ಕೆ ಧಾರವಾಡ ಸ್ಟೇಷನ್ನಿನಿಂದ ಹೊರಟೆ. ಹೋಗಬೇಕಾಗಿದ್ದ ಊರು ಹುಬ್ಬಳ್ಳಿ. ದೂರ ಹದಿಮೂರು ಮೈಲು. ನಾಲ್ಕಾಣೆಯ ಟಿಕೇಟು ತೆಗೆಸಿ ಈ ಪ್ರವಾಸವನ್ನು ನಾನು ಎಷ್ಟೋ ಸಲ ಮಾಡಿದ್ದೇನೆ. ಆಗೆಲ್ಲ ನನ್ನ ಸಾವಿನ ಬಗ್ಗೆ ಯಾರೂ ಇಷ್ಟು ಆಸ್ಥೆ ತೋರಿಸಿರಲಿಲ್ಲ.

ಈ ಸಲ ವಾಹನ ಬೇರೆ. ನಾಲ್ಕು ಗಾಲಿಗಳ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಕೂಡ್ರಲು ಒಂದು ಬಾಕು, ಹಿಂದೆ ಬಿದಿರುಕೋಲಿಗೆ ಕಟ್ಟಿದ ಕೆಂಪು ನಿಶಾನೆ. ಇಷ್ಟಕ್ಕೆ ಟ್ರಾಲಿ ಎಂದು ಹೆಸರು. ಇದನ್ನು ನಾಲ್ಕು ಜನ ಹಳಿಯ ಮೇಲೆ ಓಡುತ್ತ ತಳ್ಳುತ್ತಾರೆ. ಅದರ ಒಡೆಯ ನನ್ನ ಬಾಲ್ಯದ ಗೆಳೆಯ ಶೇಷಗಿರಿ. ಅವನು ಹಳಿಗಳ ಇನ್ಸ್‌ಪೆಕ್ಟರ, ನಾನು ಸಾಲಿ ಮಾಸ್ತರ. ಸರಿಯಾಗಿದೆಯೋ ಇಲ್ಲವೋ ಎಂದು ನೋಡುವುದೇ ಇಬ್ಬರ ಉದ್ಯೋಗವಾದರೂ ಅವನ ಪಾಡು ಸುಖದ್ದು. ಅವನ ವಿದ್ಯಾರ್ಥಿಗಳು ಹೇಳಿದ ಜಾಗದಲ್ಲಿ ಮಲಗಿರುತ್ತಾರೆ. ಒಂದು ಸಲ ಟ್ರಾಲಿಯಲ್ಲಿ ಕೂಡ್ರಿಸು ಎಂದು ಮೂರು ವರ್ಷದಿಂದ ಅವನ ಬೆನ್ನು ಹತ್ತಿದ್ದೆ. ಹಿಂದಿನ ರಾತ್ರಿ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲವೆಂಬುದನ್ನು ಮಾತ್ರ ಅವನಿಗೆ ಹೇಳಲಿಲ್ಲ.

ಹೊರಡುವ ಮೊದಲು ಅವನು ಮಾಡಿದ ವಿಧಿಗಳನ್ನು ನೋಡಿದರೆ ಯಾವ ಪುರೋಹಿತನೂ ನಾಚಬೇಕು. ಬ್ರೇಕು ಒತ್ತಿ ನೋಡಿದ; ಬಿಟ್ಟು ನೋಡಿದ; ಮತ್ತೆ ಒತ್ತಿದ. ತನ್ನ ಗಡಿಯಾರವನ್ನು ಸ್ಟೇಷನ್ ಮಾಸ್ತರರ ಗಡಿಯಾರದ ಪಕ್ಕಕ್ಕೆ ಹಿಡಿದು ಹೊಂದಿಸಿದ. ನಿಶಾನೆಗಳನ್ನು ಎಣಿಸಿದ, ಪಟಾಕಿಗಳನ್ನು ಎಣಿಸಿದ. ಈ ಪಟಾಕಿ ದೀಪಾವಳಿಯದಲ್ಲ. ಬಿಲ್ಲೆಯಂಥ ತಗಡಿನ ಡಬ್ಬಿ. ಹಳಿಗೆ ಕಟ್ಟಿಟ್ಟರೆ ಎಂಜಿನ್ನಿನ ಗಾಲಿ ಏರಿದೊಡನೆ ಸಿಡಿಯುತ್ತದೆ, ಆ ಸದ್ದು ಕೇಳಿದ ಡ್ರೈವರ ಗಾಡಿ ನಿಲ್ಲಿಸಲೇಬೇಕು. "ಇಷ್ಟೆಲ್ಲಾ ದಿನಾ ಮಾಡ್ತೀಯೇನೋ?" ಎಂದೆ. "ಒಂದ ದಿನಾ ಬಿಟ್ಟರ ನಡೀತದ. ಯಾವ ದಿನಾ ಬಿಡಬೇಕು ಅನ್ನೂದು ಗೊತ್ತಿಲ್ಲ," ಎಂದ.

ಟ್ರಾಲಿಯವರ ಹಿರಿಯ ಫಕೀರಪ್ಪ ಬರಿಗಾಲಲ್ಲಿ ಹಳಿಯ ಮೇಲೆ ಓಡತೊಡಗಿದ. ಮೂರು ಬೆರಳಗಲದ ಉಕ್ಕು, ಮಾರ್ಗಶಿರದ ಛಳಿಗೆ ಮಂಜುಗಟ್ಟಿದಂತಿತ್ತು. ಅವನು ಮನೆಯ ಪಡಸಾಲೆಯಲ್ಲಿ ಅಡ್ಡಾಡಿದಂತೆ ಓಡಿದ. ನವಲೂರಿನಲ್ಲಿ ಒಬ್ಬ ಮುದುಕಿಯಿಂದ ಅರ್ಧಾಣೆಗೆ ಆರು ಪೇರಲಹಣ್ಣು ಕೊಂಡೆವು. "ಮಾಸ್ತರ್ರ, ಹಣ್ಣ ಆಮ್ಯಾಲ ತಿನ್ರಿ. ಈಗ ಬಾಕಾ ಹಿಡಕೊಳ್ರಿ," ಎಂದ ಫಕೀರಪ್ಪ. ಊರು ದಾಟಿದ ಮೇಲೆ ಇಳಿಜಾರು. ನಾಲ್ವರೂ ಹಾರಿ ಕುಳಿತರು, ಟ್ರಾಲಿ ತಾನೇ ಓಡಿತು. ಗಾಳಿ ಕಿವಿಯಲ್ಲಿ ಹೊಕ್ಕಿತು, ರುಮಾಲು ಸಡಿಲವಾಯಿತು, ಜೋಳದ ಹೊಲಗಳು ಎರಡೂ ಕಡೆಯಿಂದ ಹಿಂದಕ್ಕೆ ಓಡಿದವು. ನಲವತ್ತಾರು ವರ್ಷದ, ಮೂರು ಮಕ್ಕಳ ತಂದೆಯಾದ ನಾನು ಹೋ ಎಂದು ಕೂಗಿದೆನೆಂದು ಶೇಷಗಿರಿ ಎಲ್ಲರ ಮುಂದೆ ಹೇಳುತ್ತಾನೆ. ಗಾಳಿಯಲ್ಲಿ ಅವನಿಗೆ ಹಾಗೆ ಕೇಳಿಸಿರಬಹುದು.

"ನಿಶಾನಿ," ಎಂದ ಫಕೀರಪ್ಪ. ಮುಂದೆ ಹಳಿಯ ನಡುವೆ ಒಬ್ಬ ಮನುಷ್ಯ ಎರಡೂ ಕೈಯಲ್ಲಿ ಕೆಂಪು ಬಟ್ಟೆ ಅಗಲಿಸಿ ನಿಂತಿದ್ದ. ಬ್ರೇಕು ಕಿರುಗುಟ್ಟಿತು, ಅವನಿಂದ ಹತ್ತು ಮಾರು ದೂರದಲ್ಲಿ ನಿಂತೆವು.

ಅವನು ಹುಸೇನಸಾಬ, ಆ ಭಾಗದ ಕೀಮ್ಯಾನ್. ದಿನಾ ಬೆಳಗಾದರೆ ಸುತ್ತಿಗೆ ಹಿಡಿದು ತನ್ನ ಪಾಲಿನ ಮೂರು ಮೈಲು ನಡೆಯುವುದು, ಸಡಿಲಾದದ್ದನ್ನು ಬಿಗಿ ಮಾಡುವುದು, ಹಳಿಗೆ ಹಳಿ ಕೂಡುವ ಪ್ರತಿಯೊಂದು ಸಂದಿಗೂ ಒಂದೊಂದು ಏಟು ಹಾಕಿ ಸದ್ದು ಕೇಳುವುದು ಅವನ ಕೆಲಸ. ಐವತ್ತು ದಾಟಿದ ಮನುಷ್ಯ, ಏದುಸಿರು ಬಿಡುತ್ತಿದ್ದ. ಒಂದು ಸಂದಿಯಲ್ಲಿ ಹಳಿ ಬಿರುಕು ಬಿಟ್ಟಿದೆ ಎಂದ. ಹುಬ್ಬಳ್ಳಿಯಿಂದ ಪುಣೆ ಕಡೆಯ ಗಾಡಿ ಬರುವ ಹೊತ್ತಾಗಿತ್ತಾದ್ದರಿಂದ ಆ ದಿಕ್ಕಿಗೆ ಅರ್ಧ ಮೈಲು ಓಡಿ, ಹತ್ತು ಗಜಕ್ಕೊಂದರಂತೆ ಮೂರು ಪಟಾಕಿ ಕಟ್ಟಿ, ಮತ್ತೆ ಓಡಿ ಬಂದಿದ್ದ.

"ಎಲ್ಲಿ ಅದೋ ಬಿರುಕು?" ಎಂದು ಕೇಳಿದ ಶೇಷಗಿರಿ.

"ಕಾಣವಲ್ದರಿ ಸಾಹೇಬ್ರ. ಕೇಳಾಕತ್ತೇತಿ."

ಶೇಷಗಿರಿಯ ಮುಖ ಸಣ್ಣದಾಯಿತು. ಕಾರಣ ಆಮೇಲೆ ತಿಳಿಯಿತು. ಹೋದ ವರ್ಷದ ಮಳೆಗಾಲದಲ್ಲಿ ಇದೇ ಹುಸೇನಸಾಬ ಸದ್ದು ಬದಲಾಯಿತೆಂದು ಇದೇ ಗಾಡಿಯನ್ನು ಮುಕ್ಕಾಲು ಗಂಟೆ ನಿಲ್ಲಿಸಿದ್ದ. ಅಗೆದು ನೋಡಿದರೆ ಹಳಿಗೆ ಏನೂ ಆಗಿರಲಿಲ್ಲ. ಅಡಿಯ ಎರೆಮಣ್ಣು ನೀರು ಕುಡಿದು ಉಬ್ಬಿ ಸದ್ದನ್ನು ಮಂದ ಮಾಡಿತ್ತು. ಹುಬ್ಬಳ್ಳಿಯ ದೊಡ್ಡ ಸಾಹೇಬರು ಅವನ ನೌಕರಿಯ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆದರು: ಕಿವಿ ಪುರಾವೆಯಲ್ಲ; ಇನ್ನೊಮ್ಮೆ ಕಾರಣವಿಲ್ಲದೆ ಗಾಡಿ ನಿಲ್ಲಿಸಿದರೆ ಕೆಲಸದಿಂದ ತೆಗೆಯತಕ್ಕದ್ದು.

ಟ್ರಾಲಿಯನ್ನು ಹಳಿಯಿಂದ ಎತ್ತಿ ಬದಿಗಿಟ್ಟರು. ಶೇಷಗಿರಿ ಖಾಕಿ ಬಟ್ಟೆಯನ್ನೂ ಲೆಕ್ಕಿಸದೆ ಜಲ್ಲಿಯ ಮೇಲೆ ಬೋರಲು ಮಲಗಿ ನೋಡಿದ. ಏನೂ ಕಾಣಲಿಲ್ಲ. ಸುತ್ತಿಗೆಯಿಂದ ಹೊಡೆದ. "ಛಲೋನ ಅದಲ್ಲೋ."

ಹುಸೇನಸಾಬ ಪಕ್ಕದ ಸಂದಿಗೆ ಹೊಡೆದ, ಮತ್ತೆ ಇದಕ್ಕೆ ಹೊಡೆದ. "ಅದು ಠಣ್ ಅಂತೈತ್ರಿ. ಇದು ಠಣ್ ಅಂದು ಲಗೂನ ಬಾಯಿ ಮುಚ್ಚತೈತಿ."

"ಮಾಸ್ತರ, ನೀನರೆ ಕೇಳು," ಎಂದ ಶೇಷಗಿರಿ. ನಾನು ಮೊಣಕಾಲೂರಿ ಕೇಳಿದೆ. ನನಗೆ ಎರಡೂ ಒಂದೇ. ಮಕ್ಕಳಿಗೆ ಛಂದಸ್ಸು ಕಲಿಸುವ ಕಿವಿ ಇದೇ ಎಂಬ ಸಂಗತಿಯನ್ನು ಅಲ್ಲಿ ಪ್ರಸ್ತಾಪಿಸಲಿಲ್ಲ.

ಎರಡು ಹಳಿಗಳ ತುದಿಗಳನ್ನು ಎರಡೂ ಕಡೆಯಿಂದ ಕಬ್ಬಿಣದ ಪಟ್ಟಿಗಳು ಹಿಡಿದಿರುತ್ತವೆ. ಬಿರುಕು ಪಟ್ಟಿಯ ಹಿಂದೆ ಅಡಗಿರಬಹುದು. ಆದರೆ ಗಾಡಿ ಬರಲು ಹದಿನೈದೇ ನಿಮಿಷ. ಅಷ್ಟರಲ್ಲಿ ಪಟ್ಟಿ ಬಿಚ್ಚಿ ಮತ್ತೆ ಕಟ್ಟುವುದು ಆಗದ ಮಾತು. ಶೇಷಗಿರಿ ಹುಸೇನಸಾಬನ ಹತ್ತಿರ ಹೋಗಿ ದನಿ ಇಳಿಸಿದ.

"ಒಂದ ಮಾತ ಕೇಳು. ಓಡಿ ಹೋಗಿ ಪಟಾಕಿ ಬಿಚ್ಚಿಕೊಂಡ ಬಾ. ಗಾಡಿ ಸಾವಕಾಶ ದಾಟಸೋಣ, ನಿಶಾನಿ ನಾ ತೋರಸ್ತೀನಿ. ಹುಬ್ಬಳ್ಳಿಗೆ ಸುದ್ದಿ ಹೋಗೂದು ಬ್ಯಾಡ. ನಿನ್ನ ರೊಟ್ಟಿ ಉಳೀತದ."

ಹುಸೇನಸಾಬ ಹಳಿ ನೋಡಿದ, ಸುತ್ತಿಗೆ ನೋಡಿದ. "ಬಿಚ್ಚತೇನ್ರಿ. ಬಿಚ್ಚು ಅಂತ ನಿಮ್ಮ ಕೈಲೆ ಒಂದ ಚೀಟಿ ಬರದ ಕೊಡ್ರಿ."

ಶೇಷಗಿರಿ ಜೇಬಿನಿಂದ ಪೆನ್ಸಿಲ್ ತೆಗೆದ. ಕಾಗದ ತೆಗೆದ. ಪೆನ್ಸಿಲಿನ ಮೊನೆಯನ್ನು ಕಾಗದಕ್ಕೆ ಊರಿದ. ಕೊನೆಗೆ ಪೆನ್ಸಿಲನ್ನು ಜೇಬಿಗಿಟ್ಟ. "ಬರಿಯೂದಿಲ್ಲ."

"ಹಂಗಾರ ಬಿಚ್ಚೂದಿಲ್ರಿ."

"ಬಿಡ್ರಿ, ಇಬ್ಬರ ಕೆಲಸಾನೂ ಒಮ್ಮೆಲೆ ಹೋದ್ವು," ಎಂದ ಫಕೀರಪ್ಪ, ತಂಬಾಕು ತಿಕ್ಕುತ್ತ.

ತಿರುವಿನಲ್ಲಿ ಹೊಗೆ ಕಂಡಿತು. ಢಂ, ಢಂ, ಢಂ ಎಂದು ಮೂರು ಸಲ ಸಿಡಿದದ್ದಕ್ಕೆ ಹೊಲದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಹುಸೇನಸಾಬ ಕೆಂಪು ನಿಶಾನೆ ಹಿಡಿದು ಹಳಿಯ ನಡುವೆ ನಡೆದ. ಉಗಿಯುಗುಳುತ್ತ ಬಂದ ಎಂಜಿನ್ನು ಅವನಿಗಿಂತ ಸ್ವಲ್ಪ ಆಚೆ ನಿಂತಿತು. ಡ್ರೈವರ ಇಳಿದು ಬಂದ. ಗೋವೆಯವನು, ಮೀಸೆಯ ತುಂಬ ಕಲ್ಲಿದ್ದಲು.

"ಮತ್ತ ನೀನ ಏನಪಾ? ಹ್ವಾದ ವರ್ಷ ರಾಡಿ ಕಂಡು ನಿಲ್ಲಿಸಿದಿ. ಈ ವರ್ಷ ಏನು, ಮಂಜ ಕಂಡ್ಯಾ?"

ಗಾರ್ಡು ವಹಿ ತೆರೆದು ಗಾಡಿ ನಿಂತ ಹೊತ್ತನ್ನು ಬರೆದುಕೊಂಡ. ಜನ ಇಳಿದು ಸುತ್ತ ನೆರೆದರು. ಫಕೀರಪ್ಪನ ಮಂದಿ ಪಟ್ಟಿ ಬಿಚ್ಚಿದರು. ಅದರ ಹಿಂದೆ ಹಳಿ ಎಣ್ಣೆಜಿಡ್ಡಿನಿಂದ ಕಪ್ಪಾಗಿತ್ತು. ಒರೆಸಿದರು. ಏನೂ ಇಲ್ಲ. ಡ್ರೈವರ ನಕ್ಕ. ಶೇಷಗಿರಿ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ.

ಹುಸೇನಸಾಬ ಮಾತ್ರ ಹಳಿ ಬಿಟ್ಟು ಏಳಲಿಲ್ಲ. "ಸಾಹೇಬ್ರ, ನನ್ನ ತಮ್ಮ ಹುಬ್ಬಳ್ಳಿ ವರ್ಕಶಾಪಿನ್ಯಾಗ ಅದಾನ್ರಿ. ಅಲ್ಲಿ ಗಾಲಿ ಅಚ್ಚಿಗೆ ಚಿಮಣಿ ಎಣ್ಣಿ ಹಚ್ಚಿ, ಒರಸಿ, ಮ್ಯಾಲ ಬಿಳೇ ಪುಡಿ ಸವರತಾರಂತ. ಬಿರುಕಿದ್ರ ಒಳಗ ಕುಡದ ಎಣ್ಣಿ ಹೊರಗ ಬರತೈತಂತ. ಹಳಿಗೆ ಯಾರೂ ಮಾಡಿಲ್ಲ. ಮಾಡಬಾರದು ಅಂತನೂ ಎಲ್ಲೂ ಬರದಿಲ್ಲಲ್ರಿ."

ಟ್ರಾಲಿಯ ದೀಪದಲ್ಲಿ ಚಿಮಣಿ ಎಣ್ಣೆ ಇತ್ತು. ಬಿಳಿಯ ಪುಡಿ ಎಲ್ಲಿಂದ ತರುವುದು? ಫಕೀರಪ್ಪ ತನ್ನ ಸುಣ್ಣದ ಡಬ್ಬಿ ಮುಂದೆ ಮಾಡಿದ; ಅದು ಹಸಿ ಸುಣ್ಣ, ಕೆಲಸಕ್ಕೆ ಬಾರದು. ಆಗ ನಾನು ಕೋಟಿನ ಜೇಬಿಗೆ ಕೈ ಹಾಕಿದೆ. ಸಾಲಿ ಮಾಸ್ತರನ ಜೇಬಿನಲ್ಲಿ ಬೇರೇನು ಇದ್ದೀತು? ನಾಲ್ಕು ತುಂಡು ಸೀಮೆಸುಣ್ಣ ಸಿಕ್ಕವು, ಸರಕಾರದವು. ಹಳಿಯ ಮೇಲಿಟ್ಟು ಸುತ್ತಿಗೆಯಿಂದ ಪುಡಿ ಮಾಡಿದೆವು.

ಹುಸೇನಸಾಬ ಎಣ್ಣೆ ಹಚ್ಚಿದ, ತನ್ನ ಪಂಜೆಯ ಚುಂಗಿನಿಂದ ಒಣಗುವಂತೆ ಒರೆಸಿದ, ಪುಡಿಯನ್ನು ಕೂಸಿನ ಮೈಗೆ ಹಚ್ಚುವಂತೆ ಸವರಿದ. ಉಕ್ಕು ಬೆಳ್ಳಗಾಯಿತು. ಶೇಷಗಿರಿ ಹಳಿಯ ತಲೆಗೆ ಮೆಲ್ಲಗೆ ಹೊಡೆಯತೊಡಗಿದ. ಒಂದು, ಎರಡು, ಮೂರು. ಆಗ ಬೋಲ್ಟಿನ ತೂತಿನಿಂದ ಕೂದಲೆಳೆಯಷ್ಟು ತೆಳ್ಳಗಿನ ಒಂದು ಒದ್ದೆಗೆರೆ ಹೊರಟಿತು. ನಮ್ಮ ಕಣ್ಣೆದುರೇ ಓರೆಯಾಗಿ ಮೇಲಕ್ಕೆ ಹತ್ತಿತು, ಹಳಿಯ ತಲೆಗೆ ಎರಡು ಬೆರಳು ಉಳಿದಲ್ಲಿ ನಿಂತಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ನನ್ನ ಸೀಮೆಸುಣ್ಣದಿಂದ ಇಷ್ಟು ಸ್ಪಷ್ಟವಾದ ಸಂಗತಿ ಹೊರಬಿದ್ದದ್ದು ಅದೇ ಮೊದಲು.

ಡ್ರೈವರ ಕುಕ್ಕರಗಾಲಲ್ಲಿ ಕುಳಿತು ಗೆರೆಯ ಮೇಲೆ ಬೆರಳಾಡಿಸಿದ. ಎದ್ದು, ತಿರುಗಿ ತನ್ನ ಗಾಡಿಯ ಡಬ್ಬಿಗಳನ್ನು ಒಂದೊಂದಾಗಿ ನೋಡಿದ. ಕಿಟಕಿಗಳಲ್ಲಿ ಹೆಂಗಸರು, ಕೂಸುಗಳು. "ಕಾಕಾ, ಒಂದ ಬೀಡಿ ಸೇದ್ರಿ," ಎಂದು ಹುಸೇನಸಾಬನ ಮುಂದೆ ಕಟ್ಟು ಹಿಡಿದ. ಶೇಷಗಿರಿಯ ಬಾಯಲ್ಲೂ ಅಲ್ಲಿಂದ ಮುಂದೆ 'ಹುಸೇನಸಾಬ್ರ' ಎಂದೇ ಬಂತು.

ಪಟ್ಟಿ ಮತ್ತೆ ಬಿಗಿದು, ಸಂದಿಯ ಅಡಿಗೆ ಮರದ ದಿಮ್ಮಿ ಕೊಟ್ಟು, ಪ್ರಯಾಣಿಕರನ್ನು ಇಳಿಸಿ ನಡೆಸಿ, ಖಾಲಿ ಗಾಡಿಯನ್ನು ನಡಿಗೆಯ ವೇಗದಲ್ಲಿ ದಾಟಿಸಿದರು. ಹೊಸ ಹಳಿ ಹಾಕಲು ಮಂದಿಗೆ ಹೇಳಿ ಕಳಿಸಿ ನಾವು ಮುಂದೆ ಹೊರಟೆವು. ಅಮರಗೋಳದಲ್ಲಿ ಚಹಾ ಕುಡಿದೆವು. ಉಣಕಲ್ಲ ಕೆರೆಯ ಮೇಲೆ ಬಿಸಿಲು ಬಿದ್ದಿತ್ತು. ಪೇರಲಹಣ್ಣುಗಳನ್ನು ಅಲ್ಲಿ ತಿಂದೆವು. ನಾನು ಒಂದೇ ಸವನೆ ಮಾತಾಡುತ್ತಿದ್ದೆ; ಶೇಷಗಿರಿ ಜೇಬಿನ ಪೆನ್ಸಿಲನ್ನು ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದ. ಹುಬ್ಬಳ್ಳಿ ಮುಟ್ಟಿದಾಗ ಹನ್ನೊಂದೂವರೆ.

ಅವನು ಸೀದಾ ದೊಡ್ಡ ಸಾಹೇಬರ ಕಚೇರಿಗೆ ಹೋದ. ನಾನು ಹೊರಗೆ ಬೆಂಚಿನ ಮೇಲೆ ಕುಳಿತೆ. ಅರ್ಧ ಗಂಟೆಯ ಮೇಲೆ ಹೊರಗೆ ಬಂದವನು ಬೆಂಚಿನ ಮೇಲೆ ಕುಸಿದು ಕುಳಿತ. "ಚೀಟಿ ಬರದ ಕೊಡಾಂವ ಇದ್ದೆ ಅನ್ನೂದನ್ನೂ ಹೇಳಿದೆ," ಎಂದ. "ಸಾಹೇಬರು ಏನಂದ್ರು?" "ನನಗ ಬೈದ್ರು. ಆಮ್ಯಾಲ ಅವನ ಕಾಗದಾ ತರಸಿ, ಹ್ವಾದ ವರ್ಷ ಬರದದ್ದನ್ನ ತಾವ ಗೀಟ ಹೊಡದ ತಗದು ಸಹಿ ಮಾಡಿದ್ರು."

ಅವನಿಗೆ ಹುಬ್ಬಳ್ಳಿಯಲ್ಲಿ ಕೆಲಸವಿತ್ತು. ಸಂಜೆಯ ಗಾಡಿಗೆ ನಾನೊಬ್ಬನೇ ನಾಲ್ಕಾಣೆ ಕೊಟ್ಟು, ಪ್ರಾಣದ ಬಗ್ಗೆ ಏನನ್ನೂ ಬರೆದುಕೊಡದೆ ಹತ್ತಿದೆ. ಅಮರಗೋಳ ದಾಟಿ ಸ್ವಲ್ಪ ದೂರಕ್ಕೆ ಗಾಡಿ ನಡಿಗೆಗೆ ಇಳಿಯಿತು. "ಏನ ಗಾಡಿರೀ ಇದು, ನಡಕೋತ ಹ್ವಾದ್ರ ಲಗೂ ಮುಟ್ಟತೇವಿ," ಎಂದರು ಎದುರಿನ ಹತ್ತಿ ವ್ಯಾಪಾರಿ. ನಾನು ಕಿಟಕಿಗೆ ಓಡಿದೆ.

ಹೊಸ ಹಳಿಯ ಪಕ್ಕದಲ್ಲಿ ಹುಸೇನಸಾಬ ನಿಶಾನೆ ಹಿಡಿದು ನಿಂತಿದ್ದ. ಅವನಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮುಟ್ಟಿಸುವ ಭಾಗ್ಯ ನನ್ನದು. ಅರ್ಧ ಮೈ ಹೊರಗೆ ಚಾಚಿ ಕೂಗಿದೆ: "ಹುಸೇನಸಾಬ್ರ, ಸಾಹೇಬರು ಆ ಕೆಂಪು ಶಾಯಿ ಬರಹಾ ಗೀಟ ಹೊಡದ ತಗದ್ರು. ನಿಮ್ಮ ಕೆಲಸಾ ಗಟ್ಟಿ."

ಅವನು ನನ್ನ ಕಡೆ ನೋಡಲಿಲ್ಲ. ಸುಮ್ಮನಿರ್ರಿ ಎಂಬಂತೆ ಒಂದು ಅಂಗೈ ಮೇಲೆತ್ತಿದ. ತಲೆ ಓರೆ ಮಾಡಿ, ಹೊಸ ಸಂದಿಯ ಮೇಲೆ ಗಾಲಿಗಳು ಒಂದೊಂದಾಗಿ ದಾಟುವುದನ್ನು ಕೇಳುತ್ತಿದ್ದ.