ಯಹ್ಯಾ ಅಂದರೆ ಬದುಕುವವನು

ಮೊನ್ನೆ ಪೀತಮ್‌ಪುರದ ಮಾರ್ಕೆಟ್ಟಿನಲ್ಲಿ ಖರ್ಜೂರ ಮಾರುವ ಭಯ್ಯಾ ರುಚಿ ನೋಡಲೆಂದು ಒಂದನ್ನು ಕೈಗಿಟ್ಟ. ಬಾಯಿಗೆ ಹಾಕಿಕೊಳ್ಳುವ ಮೊದಲೇ ಆ ವಾಸನೆಗೆ ನಮ್ಮ ಕೆಳಮನೆಯ ಮುದುಕಿ, ನಾನು ಚಿಕ್ಕಮ್ಮನಂತೆ ಖಾಲಾ ಎನ್ನುತ್ತಿದ್ದವರು, ಕಣ್ಣೆದುರು ಬಂದರು. ನನ್ನ ಚೊಚ್ಚಲ ಮಗ ಹುಟ್ಟಿದಾಗ ನಮ್ಮ ರಿವಾಜಿನಂತೆ ಅವನ ಅಂಗುಳಕ್ಕೆ ಖರ್ಜೂರ ನುರಿದು ಸವರಿದ್ದು ಅವರೇ…

ಬೀದರಿನವರು. ಈ ಹಿಂದಿ ಊರಿನ ನಮ್ಮ ಗಲ್ಲಿಯಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. "ನಿನ್ನ ಚಹಾ ಜಮುನಾ ನೀರಿನಂಗ ಅದ ಬೇಟಿ" ಎಂದು ಹಂಗಿಸುತ್ತಲೇ ಎರಡು ಲೋಟ ಕುಡಿಯುತ್ತಿದ್ದರು.

ಏಳನೇ ದಿನ ಮಗುವಿಗೆ ಯಹ್ಯಾ ಎಂದು ಹೆಸರಿಡಬೇಕೆಂದಿದ್ದೆವು. ಆ ಹೆಸರು ಹೇಳಿಕೊಟ್ಟವರೂ ಖಾಲಾನೇ. ಮದುವೆಯಾಗಿ ಒಂಬತ್ತು ವರ್ಷ ಕಾದಿದ್ದೆವಲ್ಲ… ಜಕರಿಯಾ ಪೈಗಂಬರರು ಮುಪ್ಪಿನಲ್ಲಿ ಗುಟ್ಟಾಗಿ ಬೇಡಿಕೊಂಡಾಗ ಅಲ್ಲಾಹನು ಮಗನನ್ನಷ್ಟೇ ಅಲ್ಲ, ಅದುವರೆಗೆ ಯಾರಿಗೂ ಇರದಿದ್ದ ಯಹ್ಯಾ ಎಂಬ ಹೆಸರನ್ನೂ ಕೊಟ್ಟ. ಯಹ್ಯಾ ಅಂದರೆ ಬದುಕುವವನು ಎಂದಿದ್ದರು.

ನನ್ನ ಮಗ ಮೂರು ದಿನ ಬದುಕಿದ. ಮೂರು ದಿನವೂ ನನ್ನ ಹಾಲು ಕುಡಿದ. ಅಷ್ಟಾದರೂ ಸಿಕ್ಕಿತು, ಅಲ್‌ಹಮ್ದುಲಿಲ್ಲಾ.

ಮಣ್ಣಿಗೊಯ್ಯಲು ಕಫನ್ ಬಟ್ಟೆ ಸುತ್ತುವ ಹೊತ್ತಿಗೆ, ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅತ್ತೆ ಮೆಲ್ಲಗೆ ಅಂದರು: "ಅಷ್ಟು ಒಳ್ಳೆ ಹೆಸರು, ಇದಕ್ಕೆ ಯಾಕೆ? ಮುಂದಿನ ಮಗುವಿಗೆ ಇರಲಿ." ನಿಜ ಹೇಳುತ್ತೇನೆ, ನನಗೂ ಆ ಹೆಸರಿನ ಮೇಲೆ ಸಿಟ್ಟು ಬಂದಿತ್ತು. ಬದುಕುವವನಂತೆ!

ಖಾಲಾ ಮಾತ್ರ ಬಿಡಲಿಲ್ಲ. "ಎತ್ತಿಡಲಿಕ್ಕೆ ಅದೇನು ಮದುವಿ ಸೀರಿ ಏನ್ರಿ? ಉಸಿರಾಡಿದ ಕೂಸದು. ಕಯಾಮತ್ ದಿನ ಅಲ್ಲಾಹ್ ಎಲ್ಲಾರನ್ನೂ ಕರೀವಾಗ ಇವನಿಗೆ ಏನಂತ ಕರೀಬೇಕು?" ಆಮೇಲೆ ನನ್ನ ಪಕ್ಕ ಕೂತು, "ಆ ಯಹ್ಯಾ ಪೈಗಂಬರರೂ ಮುದುಕರಾಗಲಿಲ್ಲ ಬೇಟಿ, ಕೊಂದುಬಿಟ್ರು. ಹಂಗಂತ ಹೆಸರು ಸುಳ್ಳಾಯ್ತೇನು?" ಎಂದರು.

ನಾನೇ ಬಾಗಿದೆ. ಆ ತಣ್ಣನೆಯ ಪುಟ್ಟ ಕಿವಿಯಲ್ಲಿ ಯಹ್ಯಾ ಎಂದು ಕರೆದೆ.

ಮುಂದೆ ಇಬ್ಬರು ಹೆಣ್ಣುಮಕ್ಕಳಾದರು. ದೇವರು ನನಗೆ ಕಡಿಮೆ ಕೊಟ್ಟಿಲ್ಲ. ಆದರೆ ಮನೆಯಲ್ಲಿ ಅವನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಖಾಲಾ ಮಾತ್ರ ಪ್ರತಿ ಈದ್‌ಗೂ ಶಾವಿಗೆ ಪಾಯಸದ ಬಟ್ಟಲು ಹಿಡಿದು, "ನಮ್ಮ ಯಹ್ಯಾನಿಗೆ ಈಗೆಷ್ಟು?" ಎಂದು ಕೇಳುತ್ತಿದ್ದರು. ಐದು, ಎನ್ನುತ್ತಿದ್ದೆ. ಒಂಬತ್ತು. ಹದಿನೈದು… "ಅಚ್ಛಾ, ಮೀಸಿ ಬಂದಾವು ಹಂಗಾರ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹೋದ ಚಳಿಗಾಲದಲ್ಲಿ ಖಾಲಾ ತೀರಿಕೊಂಡರು. ಈ ಸಲದ ಈದ್‌ಗೂ ಮನೆ ತುಂಬ ಜನ ಬಂದರು, ಹೊಟ್ಟೆ ತುಂಬ ಉಂಡರು, ಹೆಣ್ಣುಮಕ್ಕಳ ಓದು ವಿಚಾರಿಸಿ ಹರಸಿ ಹೋದರು. ಯಹ್ಯಾನಿಗೆ ಹದಿನೇಳಾಯಿತು. ಯಾರೂ ಕೇಳಲಿಲ್ಲ.